ಕಿಟಕಿಯ ಎರಡು ಬದಿ

'ಗಿರಾಕಿ' ಎಂಬುದು ನಮ್ಮ ಪೇಟೆಗಳಲ್ಲಿ ದಿನಕ್ಕೆ ನೂರು ಸಲ ಕಿವಿಗೆ ಬೀಳುವ ಮಾತು. ಸಂಸ್ಕೃತದ 'ಗ್ರಾಹಕ' ಶಬ್ದವೇ ಜನರ ನಾಲಗೆಯ ಮೇಲೆ ಉರುಳಿ ಉರುಳಿ 'ಗಿರಾಕಿ' ಆಯಿತು. ಗ್ರಾಹಕನೆಂದರೆ ತೆಗೆದುಕೊಳ್ಳುವವನು. ಆದರೆ ಅಂಗಡಿಯಲ್ಲಿ ಸಕ್ಕರೆಯನ್ನೋ ಬಟ್ಟೆಯನ್ನೋ ಕೊಳ್ಳುವವನಷ್ಟೇ ಗಿರಾಕಿಯಲ್ಲ. ಬ್ಯಾಂಕಿನಲ್ಲಿ ಪಾಸುಬುಕ್ಕು ಹಿಡಿದು ನಿಂತ ಮುದುಕನೂ ಗಿರಾಕಿ. ತಹಸೀಲ ಕಚೇರಿಯಲ್ಲಿ ಪಹಣಿಗಾಗಿ ಕಾದ ರೈತನೂ ಗಿರಾಕಿ. ಆಸ್ಪತ್ರೆಯ ಚೀಟಿಯ ಸಾಲಿನಲ್ಲಿ ಕೂಸನ್ನು ಎತ್ತಿಕೊಂಡು ನಿಂತ ತಾಯಿಯೂ ಗಿರಾಕಿ. ಈ ಪುಟವನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರು ಕಿಟಕಿಯ ಒಳಗೆ ಕೂಡುವವರು, ಕೆಲವರು ಹೊರಗೆ ನಿಲ್ಲುವವರು. ಬಹುಮಂದಿ ಮುಂಜಾನೆ ಒಂದು ಕಿಟಕಿಯ ಒಳಗೆ ಕುಳಿತು ಮಧ್ಯಾಹ್ನ ಇನ್ನೊಂದು ಕಿಟಕಿಯ ಹೊರಗೆ ನಿಲ್ಲುವವರು. ಆದ್ದರಿಂದ ನಾನು ಹೇಳಹೊರಟಿರುವುದು ಯಾರೋ ಅವರಿವರ ಸಂಗತಿಯಲ್ಲ, ನಮ್ಮೆಲ್ಲರ ಸಂಗತಿ.

ನನ್ನ ವಿಚಾರ ಇಷ್ಟೇ: ಕಿಟಕಿಯಲ್ಲಿ ಆಡುವ ಮಾತು ಪೂರ್ಣವಾಗಿದ್ದರೆ ಸೇವೆಯ ಅರ್ಧ ಕೆಲಸ ಮುಗಿದಂತೆ. ಆ ಮಾತನ್ನು ಪೂರ್ಣಗೊಳಿಸುವ ಅಭ್ಯಾಸ ಕಚೇರಿಗೆ ಬರುವುದು ಅಲ್ಲಿಯ ಹಿರಿಯನ ನಡೆಯಿಂದ.

ಮೊದಲು ನಮ್ಮ ಕಚೇರಿಗಳ ಹೆಸರುಗಳನ್ನೇ ನೋಡಿರಿ. 'ತಹಸೀಲು' ಅರಬ್ಬಿಯಿಂದ ಬಂದ ಶಬ್ದ. ವಸೂಲಿ ಎಂಬುದು ಅದರ ಅರ್ಥ. ತಹಸೀಲದಾರನೆಂದರೆ ವಸೂಲು ಮಾಡುವವನು. 'ಅರ್ಜಿ' ಎಂಬುದೂ ಅರಬ್ಬಿ ಮೂಲದ್ದೇ. ಬಿನ್ನಹ, ವಿಜ್ಞಾಪನೆ ಎಂದು ಅದರ ಅರ್ಥ. ಅಂದರೆ ಹಿಂದಿನ ಕಾಲದಲ್ಲಿ ಈ ಕಟ್ಟಡಗಳು ಎದ್ದದ್ದು ಜನರಿಂದ ತೆಗೆದುಕೊಳ್ಳುವುದಕ್ಕಾಗಿ; ಜನ ಅಲ್ಲಿಗೆ ಹೋದದ್ದು ಕೈಮುಗಿದು ಬೇಡುವುದಕ್ಕಾಗಿ. ಬೀದರ, ಭಾಲ್ಕಿ, ಔರಾದಗಳು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ ಜಿಲ್ಲೆಯ ಹಿರಿಯ ಅಧಿಕಾರಿಯನ್ನು ಅವ್ವಲ್ ತಾಲೂಕದಾರ ಎನ್ನುತ್ತಿದ್ದರು. ಕಚೇರಿಯ ಭಾಷೆ ಉರ್ದು ಆಗಿತ್ತು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳಾದಾಗ ಹಳೆಯ ಬೀದರ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿಯತ್ತ ಹೋದವು. ಜಹೀರಾಬಾದ, ನಾರಾಯಣಖೇಡಗಳು ಆಂಧ್ರದತ್ತ ಹೋದವು. ಉಳಿದ ಭಾಗ ಮೈಸೂರು ರಾಜ್ಯಕ್ಕೆ ಬಂದಿತು. ಗಡಿಯ ಗೆರೆ ಹೊಲದ ಬದುವಿನ ಮೇಲೆ ಹಾಯಿತೇ ಹೊರತು ಬೀಗತನವನ್ನು ಕಡಿಯಲಿಲ್ಲ. ಇಂದಿಗೂ ಔರಾದ ತಾಲೂಕಿನ ಒಂದೇ ಮನೆಯಲ್ಲಿ ಅತ್ತೆ ಮರಾಠಿ, ಸೊಸೆ ಕನ್ನಡ ಮಾತನಾಡುವುದುಂಟು.

ವಸೂಲಿಗಾಗಿ ಕಟ್ಟಿದ ಕಚೇರಿ ಇಂದು ಕೊಡುವ ಕಚೇರಿಯಾಗಿದೆ. ಪಹಣಿ ಕೊಡಬೇಕು, ಪಿಂಚಣಿ ಕೊಡಬೇಕು, ಪ್ರಮಾಣಪತ್ರ ಕೊಡಬೇಕು. ಕೆಲಸ ತಲೆಕೆಳಗಾಯಿತು, ಮಾತಿನ ಧಾಟಿ ಮಾತ್ರ ಹಲವೆಡೆ ಹಳೆಯದೇ ಉಳಿಯಿತು. ತೊಡಕಿನ ಬೇರು ಇಲ್ಲಿದೆ.

ಇದಕ್ಕೆ ಹೋಲಿಸಿ ನಮ್ಮ ಪೇಟೆಯನ್ನು ನೋಡಿರಿ. ಬೀದರದ ಗಾಂಧಿ ಗಂಜಿಗೆ ಉದ್ದು, ಹೆಸರು, ತೊಗರಿಯ ಸುಗ್ಗಿಯಲ್ಲಿ ಒಮ್ಮೆ ಹೋಗಿ ನಿಲ್ಲಿರಿ. ಅಂಗಡಿಯವನು ಬಂದವನ ಪಟಕಾ, ಧೋತರ, ಟೊಪ್ಪಿಗೆ ನೋಡಿಯೇ ನಾಲಗೆಯನ್ನು ಹೊರಳಿಸುತ್ತಾನೆ. ಒಬ್ಬನಿಗೆ "ಬರ್ರಿ ಕಾಕಾ, ಕೂಡ್ರಿ" ಎನ್ನುತ್ತಾನೆ. ಮತ್ತೊಬ್ಬನಿಗೆ "ಯಾ, ಬಸಾ" ಎನ್ನುತ್ತಾನೆ. ಮೂರನೆಯವನನ್ನು "ಆಯಿಯೇ" ಎಂದು ಕರೆಯುತ್ತಾನೆ. ಅವನು ಯಾವ ಭಾಷಾಶಾಸ್ತ್ರವನ್ನೂ ಓದಿದವನಲ್ಲ. ಆದರೆ ಬಂದವನ ಮನೆಯ ಮಾತಿನಲ್ಲಿ ಬರಮಾಡಿಕೊಂಡರೆ ವ್ಯವಹಾರ ಅರ್ಧ ಕುದುರಿತೆಂಬುದನ್ನು ಬಲ್ಲ. ದರ ಇಷ್ಟು, ತೂಕ ಇಷ್ಟು, ಹಮಾಲಿ ಇಷ್ಟು, ಹಣ ಇಂಥ ದಿನ ಎಂದು ಬಿಡಿಸಿ ಹೇಳಿಬಿಡುತ್ತಾನೆ. ಹೇಳದಿದ್ದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ತಹಸೀಲ ಕಚೇರಿಗೆ ಪಕ್ಕದ ಅಂಗಡಿ ಎಂಬುದಿಲ್ಲ. ಅಲ್ಲಿ ಗಿರಾಕಿಯ ಮುನಿಸಿನಿಂದ ಯಾರಿಗೂ ನಷ್ಟವಿಲ್ಲ. ಆದ್ದರಿಂದಲೇ ಅಲ್ಲಿ ಮಾತಿಗೆ ಒಂದು ನಿಯಮ ಬೇಕಾಗುತ್ತದೆ, ಮತ್ತು ಆ ನಿಯಮವನ್ನು ಉಳಿಸಿಕೊಳ್ಳುವ ಒಬ್ಬ ಹಿರಿಯ ಬೇಕಾಗುತ್ತಾನೆ.

ಮಾತು ಅರ್ಧವಾದರೆ ಏನಾಗುತ್ತದೆ ಎಂಬುದಕ್ಕೆ ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ಯಾವ ಊರು, ಯಾವ ಕಚೇರಿ ಎಂಬುದು ಬೇಡ. ನನ್ನಲ್ಲಿ ಓದಿ ಹೋದ ಹುಡುಗಿಯೊಬ್ಬಳು ಪಿ.ಯು.ಸಿ. ಮುಗಿಸಿ ಮುಂದಿನ ಓದಿಗೆ ಸಿದ್ಧಳಾಗಿದ್ದಳು. ನಮ್ಮ ಭಾಗದ ಮಕ್ಕಳಿಗೆ ಸಂವಿಧಾನದ 371(ಜೆ) ವಿಧಿ ಎಷ್ಟು ದೊಡ್ಡ ಆಸರೆಯೆಂಬುದು ನಿಮಗೆ ಗೊತ್ತು. 2012ರ 98ನೆಯ ತಿದ್ದುಪಡಿಯಿಂದ ಬಂದ ಈ ವಿಧಿಯ ಪ್ರಕಾರ, ಈಗ ಕಲ್ಯಾಣ ಕರ್ನಾಟಕವೆಂದು ಕರೆಯುವ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ನೂರಕ್ಕೆ 70, ರಾಜ್ಯದ ಉಳಿದ ಕಡೆ ನೂರಕ್ಕೆ 8 ಸ್ಥಾನಗಳು ಇಲ್ಲಿಯವರಿಗೆ ಮೀಸಲು. ಆದರೆ ಅದಕ್ಕೆ ಅರ್ಹತೆಯ ಪ್ರಮಾಣಪತ್ರ ಬೇಕು, ಅದೂ ಗೊತ್ತಾದ ದಿನದೊಳಗೆ ಬೇಕು.

ಹುಡುಗಿಯ ತಂದೆ ಹೊಲದ ಕೂಲಿ. ಮೊದಲ ದಿನ ಕಿಟಕಿಯಲ್ಲಿ, "ಶಾಲೀ ಕಾಗದ ಇಲ್ಲ, ನಾಳಿ ಬಾ" ಎಂಬ ಉತ್ತರ ಬಂತು. ಮರುದಿನ ಶಾಲೆಯಿಂದ ಕಾಗದ ಪಡೆದು, ಅದರ ಮರುದಿನ ಒಯ್ದ. "ಇದು ಜೆರಾಕ್ಸ್ ಆಯಿತು, ಅಸಲು ತಾ" ಎಂದರು. ಅಸಲು ಒಯ್ದ ದಿನ, "ಸಾಹೇಬರು ಮೀಟಿಂಗಿಗೆ ಹೋಗ್ಯಾರ" ಎಂದರು. ನಾಲ್ಕನೆಯ ಸಲ ನಾನೇ ಅವನ ಸಂಗಡ ಹೋದೆ. ಅಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ, ಯಾರೂ ಒಂದು ಪೈಸೆ ಕೇಳಿರಲಿಲ್ಲ. ಆಡಿದ ಪ್ರತಿಯೊಂದು ಮಾತೂ ನಿಜವೇ. ಆದರೂ ನಾಲ್ಕು ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು ಬಿತ್ತು, ಮನೆಯಲ್ಲಿ ಮಗಳು ಅನ್ನ ಬಿಟ್ಟು ಕುಳಿತಳು. ಪತ್ರ ಕೊನೆಗೆ ಕೈಗೆ ಬಂದಾಗ ಗಡುವಿಗೆ ಉಳಿದಿದ್ದುದು ಒಂದೇ ದಿನ. ಮೊದಲ ದಿನವೇ, "ಮುತ್ಯಾ, ಈ ಮೂರು ಕಾಗದ ಬೇಕ್ರಿ, ಅಸಲು ತರ್ರಿ, ಮಂಗಳವಾರ ಬರ್ರಿ, ಅಂದು ಸಾಹೇಬ್ರು ಇರ್ತಾರ" ಎಂದು ಒಬ್ಬರು ಹೇಳಿದ್ದರೆ? ಅಷ್ಟನ್ನು ಹೇಳಲು ಉಸಿರು ಕಟ್ಟಿ ಎಣಿಸಿದರೂ ಎಂಟು ಗಳಿಗೆಯಲ್ಲ, ಎಂಟು ಕ್ಷಣ ಸಾಕು.

ವ್ಯಾಕರಣ ಕಲಿಸುವ ಮಾಸ್ತರನಾದ್ದರಿಂದ ಇದು ನನಗೆ ವ್ಯಾಕರಣದ ತಪ್ಪಾಗಿಯೇ ಕಾಣುತ್ತದೆ. ವಾಕ್ಯಕ್ಕೆ ಕರ್ತೃ ಬೇಕು, ಕರ್ಮ ಬೇಕು, ಕ್ರಿಯಾಪದ ಬೇಕು. ಕ್ರಿಯಾಪದಕ್ಕೆ ಕಾಲ ಬೇಕು. ಯಾರು, ಏನನ್ನು, ಯಾವಾಗ ಮಾಡುತ್ತಾರೆ ಎಂಬುದು ತಿಳಿದರೆ ವಾಕ್ಯ ಪೂರ್ಣವಾಯಿತು. ಕಚೇರಿಯ ಕನ್ನಡವನ್ನು ಗಮನಿಸಿರಿ: "ಪರಿಶೀಲಿಸಲಾಗುವುದು", "ತಿರಸ್ಕರಿಸಲಾಗಿದೆ", "ಕ್ರಮ ಜರುಗಿಸಲಾಗುವುದು". ಪರಿಶೀಲಿಸುವವನು ಯಾರು? ತಿರಸ್ಕರಿಸಿದವನು ಯಾರು? ಕರ್ತೃ ಮಾಯವಾಗಿದ್ದಾನೆ. ಕಾಲವೋ, ಬರೀ ಭವಿಷ್ಯತ್ತು, ಅದಕ್ಕೂ ದಿನಾಂಕವಿಲ್ಲ. ಕರ್ಮಣಿ ಪ್ರಯೋಗ ಕನ್ನಡದ ಜಾಯಮಾನಕ್ಕೆ ಅಷ್ಟಾಗಿ ಒಗ್ಗುವುದಿಲ್ಲವೆಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಆದರೆ ಹೊಣೆಯನ್ನು ತಪ್ಪಿಸಿಕೊಳ್ಳಲು ಅದರಷ್ಟು ಅನುಕೂಲದ ಪ್ರಯೋಗ ಬೇರೊಂದಿಲ್ಲ.

ಈ ಮರೆಯಾದ ಕರ್ತೃವನ್ನೂ ಕಾಲವನ್ನೂ ವಾಕ್ಯದೊಳಕ್ಕೆ ಮರಳಿ ತರುವ ಒಂದು ಪ್ರಯತ್ನ ನಮ್ಮ ರಾಜ್ಯದಲ್ಲಿ ನಡೆಯಿತು. ನಡೆದ ಮೊದಲ ತಾಣಗಳಲ್ಲಿ ನಮ್ಮ ಔರಾದವೂ ಒಂದು. ಬ್ರಿಟನ್ನಿನಲ್ಲಿ 1991ರಲ್ಲಿ ಸರ್ಕಾರಿ ಕಚೇರಿಗಳು ಜನರಿಗೆ ಕೊಡುವ ಮಾತನ್ನು ಬರೆದು ಪ್ರಕಟಿಸುವ ನಾಗರಿಕ ಸನ್ನದು ಬಂತು. ನಮ್ಮ ದೇಶದಲ್ಲಿ 1997ರಿಂದ ಇಂಥ ಸನ್ನದುಗಳು ಗೋಡೆಗಳ ಮೇಲೆ ಕಾಣಿಸಿಕೊಂಡವು. ಗೋಡೆಯ ಮೇಲಿನ ಮಾತಿಗೆ ಕಾನೂನಿನ ಬಲವಿರಲಿಲ್ಲ. 2010ರಲ್ಲಿ ಮಧ್ಯಪ್ರದೇಶ ಮೊದಲು ಕಾನೂನು ಮಾಡಿತು. ಕರ್ನಾಟಕದ ಕಾನೂನು 2011ರದು. ಅದಕ್ಕೆ 'ಸಕಾಲ' ಎಂದು ಹೆಸರು. ಇಡೀ ರಾಜ್ಯಕ್ಕೆ ಹರಡುವ ಮುನ್ನ 2012ರ ಮಾರ್ಚ್ 1ರಂದು ಧಾರವಾಡ, ಚಿತ್ರದುರ್ಗ, ಪುತ್ತೂರು ಮತ್ತು ಔರಾದ ಎಂಬ ನಾಲ್ಕು ತಾಲೂಕುಗಳಲ್ಲಿ ಅದನ್ನು ಪ್ರಯೋಗಿಸಿ ನೋಡಿದರು. ಏಪ್ರಿಲ್ 2ರಿಂದ 11 ಇಲಾಖೆಗಳ 151 ಸೇವೆಗಳಿಗೆ ರಾಜ್ಯದಾದ್ಯಂತ ಜಾರಿಯಾಯಿತು. ಮುಂದೆ ಸೇವೆಗಳ ಪಟ್ಟಿ ಸಾವಿರವನ್ನು ದಾಟಿ ಬೆಳೆಯಿತು.

ಸಕಾಲ ಎಂದರೆ ತಕ್ಕ ಕಾಲ. ಔರಾದ, ಭಾಲ್ಕಿಗಳಲ್ಲಿ ಮರಾಠಿಯಾಡುವವರ ಕಿವಿಗೆ ಅದು 'ಸಕಾಳ' ಎಂದು ಕೇಳಿಸಿದರೆ ಬೆಳಗು ಎಂದೂ ಅರ್ಥವಾದೀತು, ತಪ್ಪೇನಿಲ್ಲ. ಅದರ ರೀತಿ ಹೀಗೆ: ನೀವು ಅರ್ಜಿ ಕೊಟ್ಟೊಡನೆ 15 ಅಂಕಿಗಳ ಒಂದು ಸಂಖ್ಯೆಯಿರುವ ಸ್ವೀಕೃತಿ ಚೀಟಿ ಕೊಡಬೇಕು. ಆ ಸೇವೆಗೆ ಎಷ್ಟು ದಿನ, ಕೊಡಬೇಕಾದ ಅಧಿಕಾರಿ ಯಾರು ಎಂಬುದು ಮೊದಲೇ ಗೊತ್ತಾಗಿರುತ್ತದೆ. ದಿನ ಮೀರಿದರೆ ಅಥವಾ ಅರ್ಜಿ ತಿರಸ್ಕಾರವಾದರೆ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ ಎರಡನೆಯದು. ತಡವಾದ ದಿನವೊಂದಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿವರೆಗೆ ಪರಿಹಾರ. ಅದು ತಡಮಾಡಿದ ಅಧಿಕಾರಿಯ ಸಂಬಳದಿಂದ ಬರಬೇಕು. ಮೊತ್ತ ದೊಡ್ಡದಲ್ಲ. ಆದರೆ 'ತಡವಾಗಿದೆ' ಎಂಬ ವಾಕ್ಯಕ್ಕೆ ಒಬ್ಬ ಕರ್ತೃ ಸಿಕ್ಕಿದನಲ್ಲ, ಅದು ದೊಡ್ಡದು. 1990ರ ದಶಕದಲ್ಲಿ ನಮ್ಮ ರಾಜ್ಯದ ಹಲವು ಊರುಗಳಲ್ಲಿ ದೆವ್ವ ಬಾರದಿರಲೆಂದು ಮನೆಯ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದುದನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ದೆವ್ವಕ್ಕೆ ಆಡಿದ ಮಾತನ್ನು ಜನರಿಗೆ ಆಡಬಾರದೆಂಬುದೇ ಈ ಕಾನೂನಿನ ತಾತ್ಪರ್ಯವೆನ್ನಬಹುದು.

ಆದರೆ ಕಾನೂನಿಗೂ ಒಂದು ಎಲ್ಲೆಯುಂಟು. ಗಡುವು ತೀರುವ ಹಿಂದಿನ ದಿನ 'ದಾಖಲೆ ಅಪೂರ್ಣ' ಎಂದು ಬರೆದು ಅರ್ಜಿಯನ್ನು ಮರಳಿಸಿದರೆ ಗಡುವು ಮೀರಲಿಲ್ಲ, ಸೇವೆಯೂ ಆಗಲಿಲ್ಲ. ಚೀಟಿ ಕೇಳಲು ತಿಳಿಯದವನಿಗೆ ಚೀಟಿ ಕೊಡದೆ ಕಳಿಸಿದರೆ ಲೆಕ್ಕದಲ್ಲಿ ಅವನು ಬಂದೇ ಇಲ್ಲ. ದಿನಾಂಕವನ್ನು ಕಾನೂನು ಗೊತ್ತುಮಾಡಬಲ್ಲುದು. ಯಾವ ಕಾಗದ ಕಡಿಮೆಯಿದೆಯೆಂದು ಬಂದ ದಿನವೇ ತಲೆಯೆತ್ತಿ ನೋಡಿ ಹೇಳುವ ಮನಸ್ಸನ್ನು ಅದು ಕೊಡಲಾರದು. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆ ಹುಟ್ಟಿದ್ದು ಇಂಥ ಅನುಭವದಿಂದಲೇ.

ಮಾತನ್ನು ಪೂರ್ಣಗೊಳಿಸುವುದೆಂದರೆ ಬಾಯಿಂದ ಹೇಳುವುದಷ್ಟೇ ಅಲ್ಲ, ತೋರಿಸುವುದೂ ಹೌದು. 2000ನೆಯ ಇಸವಿಯ ಸುಮಾರಿಗೆ ಕರ್ನಾಟಕದಲ್ಲಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದ 'ಭೂಮಿ' ಯೋಜನೆ ನಿಮಗೆ ನೆನಪಿರಬಹುದು. 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳ ಕೆಲಸ ಅದು. ಅದರಲ್ಲಿ ನನಗೆ ಮೆಚ್ಚಿಗೆಯಾದದ್ದು ಒಂದು ಸಣ್ಣ ಏರ್ಪಾಡು. ತಾಲೂಕಿನ ಕಿಟಕಿಯಲ್ಲಿ ಎರಡು ಪರದೆಗಳನ್ನು ಇಡಬೇಕೆಂದು ಯೋಜಿಸಿದರು: ಒಂದು ನೌಕರನ ಕಡೆಗೆ, ಇನ್ನೊಂದು ಹೊರಗೆ ನಿಂತ ರೈತನ ಕಡೆಗೆ. ಒಳಗಿನವನು ಏನು ಮಾಡುತ್ತಿದ್ದಾನೆಂಬುದು ಹೊರಗಿನವನಿಗೆ ಕಾಣಬೇಕು. ಖಾತೆ ಬದಲಾವಣೆಯ ಅರ್ಜಿಗಳನ್ನೂ ಬಂದ ಸರದಿಯಂತೆಯೇ ತೀರಿಸಬೇಕೆಂಬ ಕಟ್ಟು ಮಾಡಿದರು. ಕಾಣದ ಕೆಲಸ ಸಂಶಯಕ್ಕೆ ಎಡೆ. ಕಂಡ ಕೆಲಸ ತಡವಾದರೂ ಜನ ತಾಳಿಕೊಳ್ಳುತ್ತಾರೆ.

ಇನ್ನು ಭಾಷೆಯ ವಿಚಾರ. ಭಾಲ್ಕಿಯ ಹೆಸರೆತ್ತಿದರೆ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರನ್ನು ನೆನೆಯದಿರಲಾಗದು. 1890ರಲ್ಲಿ ಕಮಲನಗರದಲ್ಲಿ ಜನಿಸಿ, 1999ರಲ್ಲಿ ಲಿಂಗೈಕ್ಯರಾದ ಆ ದೀರ್ಘಾಯುಷಿ, ನಿಜಾಮರ ಕಾಲದಲ್ಲಿ ಶಾಲೆಯ ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದರೆಂಬ ಸಂಗತಿ ಈ ಸೀಮೆಯಲ್ಲಿ ಮನೆಮಾತು. ಬಡಮಕ್ಕಳ ಅನ್ನಕ್ಕಾಗಿ ತಾವೇ ಜೋಳಿಗೆ ಹಿಡಿದು ನಡೆದವರು ಅವರು. ಅಂದು ಹೊರಗೆ ಉರ್ದು ಫಲಕ, ಒಳಗೆ ಜನರಿಗೆ ತಿಳಿಯುವ ಕನ್ನಡ. ಇಂದು ನಮ್ಮ ಕಚೇರಿಗಳ ಹೊರಗೆ ಕನ್ನಡ ಫಲಕವಿದೆ. ಒಳಗಿನ ಕನ್ನಡ ಜನರಿಗೆ ತಿಳಿಯುತ್ತದೆಯೆ? 'ವಾರಸುದಾರಿಕೆಯ ದೃಢೀಕರಣ ಪತ್ರವನ್ನು ಲಗತ್ತಿಸತಕ್ಕದ್ದು' ಎಂದು ಬರೆದ ನಮೂನೆಯನ್ನು ಮರಾಠಿಯ ಮುದುಕಿಯೊಬ್ಬಳ ಕೈಗೆ ಕೊಟ್ಟು "ತುಂಬಿಸಿಕೊಂಡು ಬಾ" ಎಂದರೆ ಆಕೆ ಹೋಗುವುದು ಕಚೇರಿಯ ಮುಂದಿನ ಮಧ್ಯವರ್ತಿಯ ಬಳಿಗೆ. ಕಚೇರಿ ಬಿಟ್ಟುಕೊಟ್ಟ ಮಾತನ್ನು ಅವನು ದುಡ್ಡಿಗೆ ಮಾರುತ್ತಾನೆ. ಕನ್ನಡ ನಮ್ಮ ಆಡಳಿತದ ಭಾಷೆ. ದಾಖಲೆ ಕನ್ನಡದಲ್ಲಿಯೇ ಇರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ದಾಖಲೆಯ ಅರ್ಥವನ್ನು ಮರಾಠಿಯವಳಿಗೆ ಮರಾಠಿಯಲ್ಲಿ, ದಖನಿಯವನಿಗೆ ದಖನಿಯಲ್ಲಿ ಎರಡು ಮಾತು ತಿಳಿಸಿ ಹೇಳಿದರೆ ಕನ್ನಡಕ್ಕೆ ಗೌರವ ಹೆಚ್ಚುತ್ತದೆಯೇ ವಿನಾ ಕುಂದುವುದಿಲ್ಲ. ನಮ್ಮ ಜಿಲ್ಲೆಯದೇ ಆದ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರು ಮಾಡಿದ್ದೂ ಇದನ್ನೇ. ಕೆಲವರ ಸೊತ್ತಾಗಿದ್ದ ಅರಿವನ್ನು ಹಗ್ಗ ಹೊಸೆಯುವವನಿಗೂ ಅಕ್ಕಿ ಆಯುವವಳಿಗೂ ತಿಳಿಯುವ ಮಾತಿನಲ್ಲಿ ಹೇಳಿದರು.

ಹೀಗೆ ಜನರ ಬಳಿಗೆ ಮಾತು ಹೋದಾಗ ವ್ಯವಹಾರವೂ ಬೆಳೆಯುತ್ತದೆ ಎಂಬುದಕ್ಕೆ ಬೀದರ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನ ಉದಾಹರಣೆ ಕಣ್ಣಮುಂದಿದೆ. 1922ರಲ್ಲಿ ಹುಟ್ಟಿದ ಈ ಬ್ಯಾಂಕು 1990ರ ದಶಕದಲ್ಲಿ ಮಹಿಳೆಯರ ಸ್ವಸಹಾಯ ಸಂಘಗಳತ್ತ ತಿರುಗಿತು. ಸ್ವಸಹಾಯ ಸಂಘಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಕೆಲಸವನ್ನು ನಬಾರ್ಡ್ 1992ರಲ್ಲಿ ಆರಂಭಿಸಿತ್ತು. ಹತ್ತರಿಂದ ಇಪ್ಪತ್ತು ಹೆಂಗಸರು ಸೇರಿ ಉಳಿಸುವುದು, ಸಭೆಯಲ್ಲಿ ಲೆಕ್ಕವನ್ನು ಎಲ್ಲರಿಗೂ ಕೇಳುವಂತೆ ಓದುವುದು, ತಮ್ಮೊಳಗೆ ಸಾಲ ಕೊಟ್ಟುಕೊಳ್ಳುವುದು. ಆ ಶಿಸ್ತನ್ನು ನೋಡಿ ಬ್ಯಾಂಕು ಒತ್ತೆಯಿಲ್ಲದೆ ಸಂಘಕ್ಕೆ ಸಾಲ ಕೊಡುವುದು, ಇದು ಅದರ ಕ್ರಮ. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುತ್ತಿದ್ದ ಹೆಣ್ಣುಮಕ್ಕಳ ಊರಿಗೇ ಬ್ಯಾಂಕಿನ ನೌಕರರೂ ಪ್ರಾಥಮಿಕ ಸಹಕಾರ ಸಂಘಗಳ ಕಾರ್ಯದರ್ಶಿಗಳೂ ಹೋಗಬೇಕಾಯಿತು. ಬಡ್ಡಿ ಎಂದರೇನು, ಕಂತು ಎಂದರೇನು, ಕಂತು ತಪ್ಪಿದರೆ ಏನು ಎಂಬುದನ್ನು ಬಡಗಣ ಸೀಮೆಯ ಮಾತಿನಲ್ಲಿ ಬಿಡಿಸಿ ಹೇಳಬೇಕಾಯಿತು. ಔರಾದ ತಾಲೂಕಿನವರಾದ, ದೀರ್ಘಕಾಲ ಬ್ಯಾಂಕಿನ ಅಧ್ಯಕ್ಷರಾಗಿದ್ದ ಗುರುಪಾದಪ್ಪ ನಾಗಮಾರಪಳ್ಳಿಯವರ ಅವಧಿಯಲ್ಲಿ ಈ ಕೆಲಸ ಬೆಳೆದು, ಹೊರಗಿನವರೂ ಬಂದು ನೋಡಿ ಅಭ್ಯಾಸ ಮಾಡುವಂತಾಯಿತು. ಬಡವರಿಗೆ ಕೊಟ್ಟ ಸಾಲ ಮರಳುವುದಿಲ್ಲವೆಂಬ ಹಳೆಯ ಮಾತು ಸುಳ್ಳಾಯಿತು. ತಿಳಿದು ಪಡೆದ ಸಾಲ ತೀರುತ್ತದೆ. ತಿಳಿಯದೆ ಹೆಬ್ಬೆಟ್ಟು ಒತ್ತಿದ ಸಾಲ ಕೊರಳಿಗೆ ಸುತ್ತಿಕೊಳ್ಳುತ್ತದೆ.

ಇಲ್ಲಿಗೆ ನಾವು ಹಿರಿಯನ ಮಾತಿಗೆ ಬಂದೆವು. ಕಿಟಕಿಯಲ್ಲಿ ಕುಳಿತ ಗುಮಾಸ್ತನನ್ನು ಬೈಯುವುದು ಸುಲಭ. ಆದರೆ ಅವನ ಬೆನ್ನ ಹಿಂದಿನ ಕೋಣೆಯನ್ನು ಒಮ್ಮೆ ನೋಡಬೇಕು. ಮುಂಜಾನೆ ಹತ್ತು ಜನರ ಎದುರಿಗೆ ಮೇಲಿನವರಿಂದ "ಬುದ್ಧಿ ಇದೆಯೇನು ನಿನಗೆ?" ಎಂದು ಕೇಳಿಸಿಕೊಂಡವನು, ಹನ್ನೊಂದಕ್ಕೆ ರೈತನಿಗೆ "ಬರ್ರಿ, ಕೂಡ್ರಿ" ಎನ್ನುವುದು ಕಷ್ಟ. ಮೇಲಿನಿಂದ ಬಿದ್ದ ಮಾತು ಕೆಳಗೆ ಹರಿಯುತ್ತದೆ. ಕೊನೆಗೆ ಅದು ಬೀಳುವುದು ಎಲ್ಲರಿಗಿಂತ ಕೆಳಗೆ ನಿಂತವನ ತಲೆಯ ಮೇಲೆ. ಯಾವ ದಾಖಲೆ ಬೇಕೆಂಬುದು ಗುಮಾಸ್ತನಿಗೇ ಸರಿಯಾಗಿ ತಿಳಿದಿರುವುದಿಲ್ಲ. ಹೊಸ ಸುತ್ತೋಲೆ ಸಾಹೇಬರ ಮೇಜಿನ ಮೇಲೆಯೇ ಉಳಿದಿರುತ್ತದೆ. ಇಂಥಲ್ಲಿ ಅವನು ಪೂರ್ಣ ವಾಕ್ಯವನ್ನು ಎಲ್ಲಿಂದ ತರಬೇಕು?

ಅನೇಕ ಬ್ಯಾಂಕು, ಅಂಗಡಿಗಳ ಗೋಡೆಗಳ ಮೇಲೆ ಗ್ರಾಹಕನೇ ನಮ್ಮಲ್ಲಿಗೆ ಬರುವ ಅತಿ ದೊಡ್ಡ ಅತಿಥಿ ಎಂಬರ್ಥದ ಹೇಳಿಕೆಯೊಂದು ಗಾಂಧೀಜಿಯವರ ಹೆಸರಿನಲ್ಲಿ ತೂಗುತ್ತಿರುತ್ತದೆ. ಹುಡುಕಿ ನೋಡಿದವರು ಅದು ಅವರ ಬರಹಗಳಲ್ಲಿ ಸಿಕ್ಕುವುದಿಲ್ಲವೆಂದು ಹೇಳುತ್ತಾರೆ. ಇರಲಿ, ಮಾತು ಒಳ್ಳೆಯದೇ. ಆದರೆ ಗೋಡೆಯ ಮಾತಿನಿಂದ ನೌಕರ ಕಲಿಯುವುದು ಕಡಿಮೆ. ಸಾಹೇಬ ನಿಂತು ಮಾತನಾಡಿಸಿದ್ದನ್ನು ನೋಡಿ ಕಲಿಯುವುದು ಹೆಚ್ಚು.

ಹಿರಿಯನು ವಿಚಾರಿಸದಿದ್ದರೆ ಎಂಥ ಅನರ್ಥವಾದೀತೆಂಬುದಕ್ಕೆ ಬೀದರದ ಚರಿತ್ರೆಯಲ್ಲಿಯೇ ಒಂದು ಪಾಠವಿದೆ. ನಿತ್ಯ ನೀವು ಹಾದು ಹೋಗುವ ಗವಾನನ ಮದರಸಾವನ್ನು ನೆನೆಯಿರಿ. ಪರ್ಶಿಯಾದ ಗೀಲಾನಿನಿಂದ ವ್ಯಾಪಾರಿಯಾಗಿ ಬಂದ ಮಹಮೂದ್ ಗವಾನನು ಬಹಮನಿ ರಾಜ್ಯದ ಮಂತ್ರಿಯಾಗಿ, ವ್ಯಾಪಾರಿಗಳ ಒಡೆಯನೆಂಬ ಅರ್ಥದ ಬಿರುದು ಪಡೆದು, 1472ರಲ್ಲಿ ಆ ವಿದ್ಯಾಲಯವನ್ನು ಕಟ್ಟಿಸಿದ. ಅವನಾಗದವರು ಅವನ ಮುದ್ರೆಯನ್ನು ಬರಿಯ ಕಾಗದಕ್ಕೆ ಒತ್ತಿಸಿಕೊಂಡು, ಶತ್ರುವಿಗೆ ಬರೆದ ಪತ್ರವೊಂದನ್ನು ಸೃಷ್ಟಿಸಿ ಸುಲ್ತಾನನ ಮುಂದಿಟ್ಟರೆಂದು ಇತಿಹಾಸಕಾರರು ಬರೆದಿದ್ದಾರೆ. ಮೂರನೆಯ ಮಹಮ್ಮದ್ ಷಾ ಮುದ್ರೆಯನ್ನು ನೋಡಿದ; ಮನುಷ್ಯನನ್ನು ಸಾವಧಾನವಾಗಿ ಕೇಳಲಿಲ್ಲ. 1481ರಲ್ಲಿ ಗವಾನನ ತಲೆ ಬಿತ್ತು. ಸತ್ಯ ತಿಳಿದು ಸುಲ್ತಾನ ಮರುಗಿದ. ಆದರೆ ರಾಜ್ಯ ಮತ್ತೆ ಚೇತರಿಸಲಿಲ್ಲ, ಮುಂದೆ ಐದು ಹೋಳಾಯಿತು. ನೌಕರನ ಮೇಲೆ ದೂರು ಬಂದೊಡನೆ ಒಂದು ಕಡೆಯ ಕಾಗದ ನೋಡಿ ಸಿಟ್ಟಾಗುವ ಪ್ರತಿಯೊಬ್ಬ ಅಧಿಕಾರಿಯೂ ಆ ಮದರಸಾದ ಮುರಿದ ಮಿನಾರನ್ನು ಒಮ್ಮೆ ನೋಡಿ ಬರುವುದು ಒಳಿತು.

ಹಾಗಾದರೆ ಒಳ್ಳೆಯ ಹಿರಿಯ ಮಾಡಬೇಕಾದುದೇನು? ದೊಡ್ಡ ಖರ್ಚಿನದು ಯಾವುದೂ ಇಲ್ಲ. ಕಚೇರಿ ತೆರೆಯುವ ಮುನ್ನ ಹತ್ತು ನಿಮಿಷ ಎಲ್ಲರನ್ನೂ ಕೂಡಿಸಿ ಇಂದು ಯಾವ ಅಧಿಕಾರಿ ಇರುತ್ತಾರೆ, ಯಾವ ನಿಯಮ ಬದಲಾಗಿದೆ ಎಂದು ಹೇಳುವುದು. ಬಾಗಿಲಲ್ಲಿ ನಿಲ್ಲುವ ಜವಾನನನ್ನೂ ಆ ಸಭೆಗೆ ಕರೆಯುವುದು. ಜನ ಮೊದಲು ಕೇಳುವುದು ಅವನನ್ನೇ. ವಾರಕ್ಕೆ ಒಂದು ತಾಸು ತಾನೇ ಕಿಟಕಿಯಲ್ಲಿ ಕೂಡುವುದು; ಯಾವ ಪ್ರಶ್ನೆಯನ್ನು ಜನ ಮತ್ತೆ ಮತ್ತೆ ಕೇಳುತ್ತಾರೆಂಬುದು ಆಗ ತಿಳಿಯುತ್ತದೆ. ಯಾವ ಸೇವೆಗೆ ಯಾವ ಕಾಗದವೆಂಬುದನ್ನು ದೊಡ್ಡ ಅಕ್ಷರದಲ್ಲಿ, ಆಡುಮಾತಿನಲ್ಲಿ ಬರೆಸಿ ಹೊರಗೆ ಹಚ್ಚುವುದು; ಕಾಗದ ಕಡಿಮೆಯಾದರೆ ಚೀಟಿಯಲ್ಲಿ ಬರೆದು ಕೊಡಿಸುವುದು. ತಪ್ಪನ್ನು ಕೋಣೆಯೊಳಗೆ ಕರೆದು ತಿದ್ದುವುದು, ಒಳ್ಳೆಯ ಕೆಲಸವನ್ನು ಎಲ್ಲರೆದುರು ಹೊಗಳುವುದು. ಕೊನೆಯದಾಗಿ, ತನ್ನ ಜವಾನನಿಗೂ ಬಹುವಚನದಲ್ಲಿ ಮಾತನಾಡುವುದು. 'ಬಾ' ಎಂಬುದಕ್ಕೂ 'ಬರ್ರಿ' ಎಂಬುದಕ್ಕೂ ಒಂದೇ ಅಕ್ಷರದಷ್ಟು ಅಂತರ. ಆ 'ರಿ'ಕಾರಕ್ಕೆ ಸರ್ಕಾರದ ಮಂಜೂರಾತಿ ಬೇಡ.

ಕಿಟಕಿಯ ಹೊರಗೆ ನಿಲ್ಲುವ ನಮಗೂ ಕರ್ತವ್ಯವಿದೆ. ಮನೆಯಿಂದ ಹೊರಡುವ ಮುನ್ನ ಏನು ಬೇಕೆಂಬುದನ್ನು ಒಂದು ಕಾಗದದ ಮೇಲೆ ಬರೆದುಕೊಳ್ಳಬೇಕು. ಸರದಿ ತಪ್ಪಿಸಿ ಒಳಗೆ ನುಗ್ಗಬಾರದು; ಪರಿಚಯದವರ ಹೆಸರು ಹೇಳಿ ಬಡವನ ಸಮಯ ಕದಿಯಬಾರದು. "ಯಾವ ಕಾಗದ ಕಡಿಮಿ ಅದ, ಎಲ್ಲಾ ಒಮ್ಮಿಗೇ ಬರದು ಕೊಡ್ರಿ" ಎಂದು ಕೇಳಲು ಸಂಕೋಚಪಡಬಾರದು. ಸ್ವೀಕೃತಿಯ ಚೀಟಿಯನ್ನು ಬಿಡದೆ ಪಡೆಯಬೇಕು. ಪಕ್ಕದಲ್ಲಿ ಓದು ಬಾರದವರಿದ್ದರೆ ಅವರ ಚೀಟಿಯ ದಿನಾಂಕವನ್ನೂ ಓದಿ ಹೇಳಬೇಕು. ನಿಮ್ಮ ಮನೆಯ ಮಕ್ಕಳು ಶಾಲೆ ಕಲಿತವರಲ್ಲವೆ? ರಜೆಯಲ್ಲಿ ಒಂದು ದಿನ ಅವರನ್ನು ಅಜ್ಜನ ಸಂಗಡ ಕಚೇರಿಗೆ ಕಳಿಸಿರಿ. ಅರ್ಜಿಯ ಒಂದು ನಮೂನೆಯನ್ನು ಓದಿ, ತುಂಬಿ, ಅದರ ಅರ್ಥವನ್ನು ಅಜ್ಜನಿಗೆ ಹೇಳಬಲ್ಲ ಹುಡುಗ ಹತ್ತನೆಯ ತರಗತಿಯ ಕನ್ನಡದಲ್ಲಿ ತೇರ್ಗಡೆಯಾದನೆಂದು ನಾನು ಒಪ್ಪಿಕೊಳ್ಳುತ್ತೇನೆ. ಕೆಲಸ ಆದ ದಿನ ಒಳಗಿನವನಿಗೆ "ಉಪಕಾರ ಆಯಿತ್ರಿ" ಎಂದು ಹೇಳುವುದನ್ನೂ ಮರೆಯಬಾರದು. ದಿನವಿಡೀ ದೂರನ್ನೇ ಕೇಳುವ ಕಿವಿಗೆ ಆ ಮಾತು ಮರುದಿನದ ಸಾಲಿಗೆಲ್ಲ ಮೆತ್ತನೆಯ ಉತ್ತರವಾಗಿ ತಿರುಗಬಹುದು.

ಔರಾದದಿಂದಲೂ ಭಾಲ್ಕಿಯಿಂದಲೂ ಬೀದರಕ್ಕೆ 40 ಕಿಲೋಮೀಟರಿನ ಆಸುಪಾಸು ದಾರಿ. ಹಳ್ಳಿಯಿಂದ ತಾಲೂಕಿಗೆ, ಅಲ್ಲಿಂದ ಜಿಲ್ಲೆಗೆ ಬಸ್ಸು ಬದಲಿಸಿ ಬರುವವನು ಒಂದು ಹಗಲನ್ನೇ ತೆತ್ತು ಬರುತ್ತಾನೆ. ಅವನಿಗೆ ಇಂದೇ ಕೆಲಸವಾಗದಿದ್ದರೂ ಚಿಂತೆಯಿಲ್ಲ. ಯಾರು, ಏನು, ಯಾವ ದಿನ ಎಂಬ ಪೂರ್ಣ ವಾಕ್ಯವೊಂದು ಅವನ ಜೇಬಿನಲ್ಲಿ ಮನೆಗೆ ಹೋಗಬೇಕು. ಅಷ್ಟನ್ನು ಕೊಡಲು ಹೊಸ ಕಟ್ಟಡ ಬೇಡ, ಹೊಸ ಯಂತ್ರ ಬೇಡ. ನಾಳೆ ಮುಂಜಾನೆ ಕಚೇರಿಯ ಬಾಗಿಲು ತೆರೆದಾಗ, ಮೊದಲು ಬಂದವನಿಗೆ ಆಡುವ ಮೊದಲ ಮಾತಿನಿಂದಲೇ ಅದನ್ನು ಆರಂಭಿಸಬಹುದು.